ಅವ್ವನ ಕರಡಿಗಿ

ಸರದು ಕೂಡ್ರಿ, ಎಲ್ರೂ ಹಿಡಿಸಬೇಕು. ಬಾಗಿಲು ತೆರದ ಇರಲಿ, ಗಾಳಿ ಆಡ್ಲಿ. ಮತ್ತ... ನಡುವ ನೀರು ಕುಡಿಯಾಕ ಅಂತ ಯಾರೂ ಅಡಿಗಿಮನಿಗೆ ಎದ್ದು ಹೋಗಬ್ಯಾಡ್ರಿ. ಹೋದ್ರ ನಾನು ಜವಾಬ್ದಾರಿ ಅಲ್ಲ.

ಇದು ನಮ್ಮ ಚಿಗವ್ವನ ಮಗಳು ಸೌಜನ್ಯನ ಕಥಿ. ಇಲ್ಲೇ ಹೊಸಪೇಟ್ಯಾಗ ಸಾಲಿ ಟೀಚರ್ ಆಗ್ಯಾಳಲ್ಲ, ಅಕಿದು. ಸುಳ್ಳು ಹೇಳೋ ಪೈಕಿ ಅಲ್ಲ. ದೆವ್ವ ಅಂದ್ರ ನಗಾಕಿ. "ಲಿಂಗ ಕಟ್ಟಿದೋರಿಗೆ ದೆವ್ವ ಎಲ್ಲಿಂದು, ಸತ್ರ ಸೀದಾ ಶಿವನ ಪಾದ" ಅಂತ ನಮಗ ಬುದ್ಧಿ ಹೇಳಾಕಿ. ಈಗ ಹೇಳಂಗಿಲ್ಲ. 

ಹೋದ ವರ್ಷ ಚಳಿ ದಿನ. ಶುಕ್ರವಾರ ಕಡೀ ಬಸ್ಸಿಗೆ ಕಂಪ್ಲ್ಯಾಗ ಇಳಿದ್ಲು. ಅಂಗಡಿ ಷಟರ್ ಎಲ್ಲ ಇಳದಿದ್ವು. ಅಕಿ ತವರುಮನಿ ಊರ ಹಳೀ ಕೋಟಿ ಕಡಿ. ಹೋಗೋ ದಾರ್ಯಾಗ ಒಂದು ಹಳೀ ಬಾವಿ ಐತಿ, ಬಗಲಿಗೆ ಆಲದ ಮರ. ಬಾವಿ ಬಾಯಿಗೆ ಕಬ್ಬಿಣದ ಜಾಳಗಿ ಹಾಕಿ ಬೆಸುಗಿ ಮಾಡಿ ಎಷ್ಟೋ ವರ್ಷ ಆತು. ಗಾಲಿ ಇಲ್ಲ, ಹಗ್ಗ ಇಲ್ಲ. ಬೆಕ್ಕು ಸೈತ ಒಳಗ ಇಳ್ಯಂಗಿಲ್ಲ.

ಅಕಿ ಮರದ ಕೆಳಗ ಬಂದ್ಲು...

ಬುಳು... ಬುಳು... ಬುಳು.

ಕೊಡ ನೀರಾಗ ಮುಳುಗೋ ಸಪ್ಪಳ. ಅದು ತುಂಬಿ ಮುಗಿದ ಮ್ಯಾಲೆ ಗಾಲಿ ತಿರುಗೋದು. ಕಿರ್ರ್... ಕಿರ್ರ್... ಕಿರ್ರ್. ಕಡೀಕ, ತುಂಬಿದ ಕೊಡ ಕಟ್ಟಿ ಮ್ಯಾಲೆ ಇಟ್ಟಂಗ ಒಂದು ಠಣ್.

ಅಕಿ ನಿಂತ್ಲು. ಮೊಬೈಲ್ ಬೆಳಕು ಹಿಡಿದು ನೋಡಿದ್ಲು. ಜಾಳಗಿ ಹಂಗೇ ಇತ್ತು, ಮ್ಯಾಲೆ ಒಣಗಿದ ಎಲಿ. ಯಾರದೋ ಮನಿ ಮೋಟರ್ ಇರಬೇಕು ಅಂದ್ಕೊಂಡು ಜಲ್ದಿ ಜಲ್ದಿ ಹೆಜ್ಜಿ ಹಾಕಿದ್ಲು. ಆದ್ರ ಎದಿಯಾಗ ಒಂದು ಮಾತು ಕುಂತಿತ್ತು. ಅಕಿ ಅವ್ವ, ನಮ್ಮ ಚಿಗವ್ವ ಮರುಳಸಿದ್ದಮ್ಮ, ಲಿಂಗಪೂಜಿಗೆ ನಳದ ನೀರು ಮುಟ್ಟತಿರಲಿಲ್ಲ. ಜಾಳಗಿ ಹಾಕೋತನಕ ಅದೇ ಬಾವಿ ನೀರು, ಅದೂ ಊರು ಏಳೋಕಿಂತ ಮೊದಲ. ಚಿಗವ್ವ ತೀರಿಕೊಂಡು ಆಗಲೇ ವರ್ಷ ತುಂಬಿತ್ತು.

ಮನಿ ಮಾರಾಕ ಇಟ್ಟಿದ್ರು. ಸೋಮವಾರ ರಿಜಿಸ್ಟ್ರಿ. ತಗೊಂಡಾತ ಕೆಡವಿ ಮಳಿಗಿ ಕಟ್ಟಸ್ತಾನಂತ. ಅಣ್ಣ ವೀರೇಶ ಗಂಗಾವತ್ಯಾಗ ಇರಾಂವ, ಆ ವಾರ ಬಂದು ಹೋಗಿ ಮಾಡಿ ಮಂಚ, ಟ್ರಂಕು, ಪಾತ್ರಿ ಪಗಡಿ ಎಲ್ಲ ಸಾಗಸಿದ್ದ. "ನೀ ಬರಬ್ಯಾಡ ಸೌಜಿ, ಉಳಿದದ್ದು ನಾ ನೋಡ್ಕೊಂತೀನಿ" ಅಂದಿದ್ದ. ಅಕಿ ಕೇಳಲಿಲ್ಲ. ಮಗಳು ಕಾವ್ಯನ್ನ ನಮ್ಮ ಮನ್ಯಾಗ ಬಿಟ್ಟು ಬಂದ್ಲು. ಯಾಕ ಬಂದ್ಲು ಅಂಬೋದು ಅಕಿಗೊಬ್ಬಾಕಿಗೇ ಗೊತ್ತು.

ಅದನ್ನ ಮೊದಲು ಹೇಳಿಬಿಡ್ತೀನಿ, ಇಲ್ಲಾಂದ್ರ ನಿಮಗ ತಿಳ್ಯಂಗಿಲ್ಲ.

ಚಿಗವ್ವನ್ನ ಬಳ್ಳಾರಿ ದವಾಖಾನಿಗೆ ಹಾಕಿದಾಗ ಜೋಡಿ ಇದ್ದಾಕಿ ಸೌಜನ್ಯ. ತಲಿ ಸ್ಕ್ಯಾನ್ ಮಾಡಬೇಕು, ಮೈಮ್ಯಾಲೆ ಲೋಹ ಇರಬಾರದು ಅಂದ್ರು. ಚಿಗವ್ವನ ಲಿಂಗ ಇದ್ದದ್ದು ಬೆಳ್ಳಿ ಕರಡಿಗ್ಯಾಗ, ಸಣ್ಣ ಗುಂಡನ ಡಬ್ಬಿಯಂತಾದ್ದು. ದೀಕ್ಷಾ ಆದಾಗಿಂದ ಒಂದು ಗಳಿಗಿ ಕೊಳ್ಳಿಂದ ಇಳಿಸಿದಾಕಿ ಅಲ್ಲ. ಒಲ್ಲದ ಮನಸಿಲೆ ತೆಗೆದು ಮಗಳ ಕೈಯಾಗ ಇಟ್ಟು, "ನೆಲಕ್ಕ ಇಡಬ್ಯಾಡ ಮತ್ತ" ಅಂದ್ಲು. ಸೌಜನ್ಯ ಕರಚೀಫಿನಾಗ ಸುತ್ತಿ ಹಿಡ್ಕೊಂಡ್ಲು.

ಅಷ್ಟೊತ್ತಿಗೆ ಫೋನ್ ಬಂತು. ಗಂಡ ಮಲ್ಲೇಶಂದು, ಯಶವಂತನಗರದಿಂದ. ಅಂವ ಇನ್ನೊಬ್ಬಾಕಿ ಜೋಡಿ ಬ್ಯಾರೆ ಮನಿ ಮಾಡೀನಿ, ಇನ್ಮ್ಯಾಲೆ ಈ ಕಡಿ ಬರಬ್ಯಾಡ ಅಂದ. ಹಂಗ ಅಂದ, ನಾಳಿಂದ ಹಾಲು ಬ್ಯಾಡ ಅಂದಂಗ. ಅಕಿ ಗ್ವಾಡಿ ಹಿಡ್ಕೊಂಡು ನಿಂತದ್ದಷ್ಟ ನೆನಪು. ಅವ್ವನ ಕರಡಿಗಿ ಆ ಗಳಿಗ್ಯಾಗ ಎಲ್ಲಿಟ್ಲು... ಗೊತ್ತಿಲ್ಲ. ಬ್ಯಾಗು ನೋಡಿದ್ಲು, ಹಾಸಿಗಿ ಝಾಡಿಸಿದ್ಲು, ನರ್ಸಮ್ಮಗಳ ಕೈಕಾಲು ಹಿಡದ್ಲು. ಸ್ಕ್ಯಾನಿಂದ ಹೊರಗ ತಂದ ಮ್ಯಾಲೆ ಚಿಗವ್ವಗ ಮಾತು ನಿಂತಿತ್ತು. ಎಡಗೈ ಅಂಗೈ ಮಾತ್ರ ಬಿಚ್ಚಿ ಮುಂದ ಹಿಡಿತಿದ್ಲು, ಮತ್ತ ಮತ್ತ. "ಕೊಡ್ತೀನವ್ವ, ಮನಿಗೆ ಹೋದಮ್ಯಾಲೆ ಕೊಡ್ತೀನಿ" ಅಂತ ಇಕಿ. ಬೆಳಗಾಗೋದ್ರಾಗ ಜೀವ ಹೋತು. ಅಂಗೈ ಬಿಚ್ಚೇ ಇತ್ತು.

ಮನಿಗೆ ತಂದ್ರು. ಕಪ್ಪು ಒಡಲು, ಕೆಂಪು ಸೆರಗಿನ ಇಳಕಲ್ ಸೀರಿ ಉಡಿಸಿ ಕುಂದ್ರಿಸಿದ್ರು. ಅಯ್ಯನೋರು, "ತಾಯಿ ಲಿಂಗ ತರ್ರಿ" ಅಂದ್ರು. ಮಣ್ಣು ಮಾಡುವಾಗ ಅವರವರ ಲಿಂಗ ಅವರವರ ಎಡ ಅಂಗೈಯಾಗ ಇಟ್ಟ ಕಳಿಸಬೇಕಲ್ಲ. ಕಳದೈತಿ ಅಂತ ಹ್ಯಾಂಗ ಹೇಳ್ತಾಳ? ಅಷ್ಟು ಮಂದ್ಯಾಗ? ದೇವರ ಮನಿಗೆ ಹೋದ್ಲು, ಬಾಗಿಲು ಮುಂದ ಮಾಡಿದ್ಲು, ತನ್ನ ಕೊಳ್ಳಾಗಿನ ಲಿಂಗ ಬಿಚ್ಚಿದ್ಲು. ತಂದು ಕೊಟ್ಲು.

ಕಪ್ಪನ್ನ ಲಿಂಗ, ನೋಡಾಕ ಎಲ್ಲಾ ಒಂದೇ. ಯಾರಿಗೂ ತಿಳೀಲಿಲ್ಲ. ಶಿವದಾರ ಮಾತ್ರ ಗುರುತಿನದು. ಕಾಲೇಜಿಗೆ ಹೋಗುವಾಗ ಹರದಿತ್ತು, ಅವ್ವನೇ ಹಸಿರು ನೂಲು ಕೂಡಿಸಿ ಗಂಟು ಹಾಕಿ ಕೊಟ್ಟಿದ್ಲು. ಅಯ್ಯನೋರು ಆ ದಾರ ಉದ್ದ ಆತಂತ ನಡಕ ಕಡಿದು, ಲಿಂಗ ಬೀಳದಂಗ ಚಿಗವ್ವನ ಅಂಗೈಗೆ ಸುತ್ತಿ ಕಟ್ಟಿದ್ರು. ವಿಭೂತಿ ಸುರುವಿ ಮಣ್ಣು ಎಳದ್ರು.

ಒಬ್ಬರ ಲಿಂಗ ಇನ್ನೊಬ್ಬರಿಗೆ ನಡ್ಯಂಗಿಲ್ಲ. ಸಣ್ಣ ಹುಡುಗರಿಗೂ ಗೊತ್ತಿರೋ ಮಾತು. ಅವತ್ತಿಂದ ಸೌಜನ್ಯ ಬರೇ ಕೊಳ್ಳಿಲೆ ತಿರುಗಿದ್ಲು. ಇನ್ನೊಂದು ಕಟ್ಟಿಸಿಕೊಳ್ಳಲಿಲ್ಲ. ಅವ್ವ ತನ್ನದಲ್ಲದ್ದು ಕೈಯಾಗ ಹಿಡ್ಕೊಂಡು ಕತ್ತಲಾಗ ಕುಂತಾಳ ಅಂಬೋದೊಂದೇ ಅಕಿ ತಲ್ಯಾಗ. ದವಾಖಾನ್ಯಾಗ ಸಿಗಲಿಲ್ಲ ಅಂದ್ರ ಸಾಮಾನಿನ ಜೋಡಿ ಮನಿಗೇ ಬಂದಿರಬೇಕು ಅಂತ ಅಕಿ ಲೆಕ್ಕ; ಮನಿ ಹೋಗೋದ್ರಾಗ ಆ ಕರಡಿಗಿ ಹುಡುಕಬೇಕು, ಸಮಾಧಿ ಬದಿಗೆ ಹುಗಿದು ತಪ್ಪಾತು ಅನ್ನಬೇಕು. ಮನಿ ಕೆಡವಿದ್ರ ಮುಗೀತು, ಜೆಸಿಬಿ ಬಾಯಾಗ ಹೋದದ್ದು ತಿರುಗಿ ಬರ್ತೈತೇನು?

ಇಷ್ಟು ಹಿಂದಿನ ಮಾತು. ಈಗ ಆ ರಾತ್ರಿಗೆ ಬರ್ರಿ.

ಬೀಗ ತೆಗೆದು ಒಳಗ ಹೋದ್ಲು. ಬರೀ ಮನಿ. ಕೆಮ್ಮಿದ್ರ ಕೆಮ್ಮು ತಿರುಗಿ ಬರ್ತಿತ್ತು. ನಡುಮನ್ಯಾಗ ಚಾಪಿ ಹಾಕಿ ಗ್ವಾಡಿ ಗೂಡು, ಜಂತಿ ಸಂದಿ, ಅಟ್ಟ ಎಲ್ಲ ತಡಕಿದ್ಲು. ಏನೂ ಸಿಗಲಿಲ್ಲ. ಸಾಕಾಗಿ ಅಡ್ಡಾದ್ಲು. ಕಣ್ಣು ಹತ್ತಿರಬೇಕು...

ಟಪ್.

ಅಡಿಗಿಮನ್ಯಾಗ.

ಡಬ್ಬಿ ಮುಚ್ಚಳ ತೆಗೆದ ಸಪ್ಪಳ. ಸ್ಟೀಲ್ ಡಬ್ಬಿ. ಸ್ವಲ್ಪ ತಡದು, ಮುಚ್ಚಳ ಮತ್ತ ಒತ್ತಿ ಹಾಕಿದ್ದು. ಗುಪ್. ಡಬ್ಬಿ ಸರಿಸಿದ್ದು, ಸರ್ರ್. ಮುಂದಿನ ಡಬ್ಬಿ. ಟಪ್... ಗುಪ್... ಸರ್ರ್. ಅವಸರ ಇಲ್ಲ. ಒಂದಾದ ಮ್ಯಾಲೆ ಒಂದು, ತಳದ ತನಕ ನೋಡಿ ಮುಚ್ಚಿದಂಗ.

ಅಡಿಗಿಮನ್ಯಾಗ ಒಂದು ಡಬ್ಬಿ ಇರಲಿಲ್ಲ. ಒಂದು ಚಮಚ ಇರಲಿಲ್ಲ.

ಅಕಿ ಹೊದ್ದದ್ದು ತೆಗಿಲಿಲ್ಲ.  ಶಿವಾಯ ನಮಃ ಅನ್ನಾಕ ಕೊಳ್ಳಿಗೆ ಕೈ ಹಾಕಿದ್ರ, ಕೊಳ್ಳಾಗ ಏನೈತಿ? ಬೆಳಗಿನ ಜಾವದ ತನಕ ಹಂಗೇ ನಡೀತು. ಕೋಳಿ ಕೂಗಿದ ಮ್ಯಾಲೆ ನಿಂತಿತು.

ಬೆಳಕು ಹರದ ಮ್ಯಾಲೆ ಎದ್ದು ನೋಡಿದ್ಲು. ಕಲ್ಲಿನ ಮಾಡದ ಮ್ಯಾಲೆ ಡಬ್ಬಿ ಇಟ್ಟ ಜಾಗಾಕ್ಕ ಗುಂಡಗ ಗುರುತು ಉಳದಿದ್ವು, ಸುತ್ತ ಧೂಳು. ಪ್ರತಿ ಗುರುತಿನ ನಡುವ, ಕೈಲೆ ತಡವಿದಂಗ, ನಾಕು ಬೆರಳಿನ ಗೀರು.

ಬಾಗಿಲ ಬಡದ ಸಪ್ಪಳಕ್ಕ ಅಕಿ ಜೀವ ಅರ್ಧ ಆತು. ಹೊರಗ ಸುಂಕಮ್ಮ ನಿಂತಿದ್ಲು. ಎದುರುಮನಿಯಾಕಿ, ಕಾಯಿಪಲ್ಲೆ ಮಾರ್ತಾಳ, ಚಿಗವ್ವನ ಜೀವದ ಗೆಳತಿ. ಚಾ ತಂದಿದ್ಲು. ಸೌಜನ್ಯನ ಮುಖ ನೋಡಿ ಚಾ ಕೆಳಗಿಟ್ಟು ಬಾಗಿಲ ಹಾಕಿದ್ಲು. ಪಿಸುಗುಟ್ಟಿ ಕೇಳಿದ್ಲು.

"ನಿನಗೂ ಕೇಳತೇನು?"

"ಅತ್ತಿ... ನಿನಗೂ?"

"ವರ್ಷ ಆತಲ್ಲ ಮಗಳ. ಮೊದಲು ಇಲಿ ಅಂದ್ಕೊಂಡೆ. ಇಲಿ ಮುಚ್ಚಳ ತಿರುಗಿ ಹಾಕ್ತಾವೇನು?" ಅಂದ್ಲು. "ವೀರೇಶಗ ಹೇಳಿದ್ರ ನಕ್ಕ. ಮನಿ ಮಾರೋದು ಕೆಡಸಾಕ ಹೇಳ್ತಿಯೇನು ಅಂದ. ಸುಮ್ನಾದೆ. ಏನು ಹುಡುಕ್ತಾಳ ನಿಮ್ಮವ್ವ? ಇದ್ದಾಗ ಏನೂ ಬೇಕು ಅಂದಾಕಿ ಅಲ್ಲ ಅಕಿ."

ಸೌಜನ್ಯ ಅಲ್ಲೇ ಕುಂತು ಅತ್ಲು. ವರ್ಷ ನುಂಗಿದ್ದನ್ನ ಎಲ್ಲ ಹೇಳಿದ್ಲು. ಸುಂಕಮ್ಮ ಬೈಯಲಿಲ್ಲ, ಸಮಾಧಾನನೂ ಹೇಳಲಿಲ್ಲ. ಇಬ್ಬರೂ ಅಡಿಗಿಮನಿ ಕಡಿ ನೋಡ್ಕೋಂತ ಕುಂತ್ರು.

ಆವಾಗ ಸೌಜನ್ಯಗ ಹೊಳೀತು. ಲಿಂಗ ಕಳದಾಕಿ ಡಬ್ಬ್ಯಾಗ ಯಾಕ ಹುಡುಕಬೇಕು? ದೇವರ ಮನಿ ಬಿಟ್ಟು, ಟ್ರಂಕು ಬಿಟ್ಟು, ಬರೀ ಡಬ್ಬಿ? ಆ ಫೋನ್ ಬಂದಾಗ ಅವ್ವ ಸ್ಟ್ರೆಚರ್ ಮ್ಯಾಲೆ ಮಲಗಿ ತನ್ನ ಕಡೀನೇ ನೋಡ್ತಿದ್ಲಲ್ಲ. ಅವ್ವ ನೋಡ್ಯಾಳ. ತಾನು ಎಲ್ಲಿಟ್ಟೆ ಅಂಬೋದು ತನಗ ನೆನಪಿಲ್ಲ, ಅವ್ವಗ ಗೊತ್ತೈತಿ.

ದವಾಖಾನಿಗೆ ಗಂಜಿ ಒಯ್ದ ಡಬ್ಬಿ. ತೊಳದು ಒಣಗಿಸಿ ಕುರ್ಚಿ ಮ್ಯಾಲೆ ಇಟ್ಟದ್ದು. ನೆಲಕ್ಕ ಇಡಬ್ಯಾಡ ಅಂದಿದ್ಲಲ್ಲ ಅವ್ವ, ಫೋನ್ ಹಿಡಿಯಾಕ ಕೈ ಬೇಕಾಗಿತ್ತಲ್ಲ... ಅದರಾಗ ಇಟ್ಟು ಮುಚ್ಚಳ ಒತ್ತಿದ್ಲು.

"ಅತ್ತಿ, ದವಾಖಾನಿ ಚೀಲ ಎಲ್ಲಿ?"

ಸುಂಕಮ್ಮನ ಮುಖ ಬಿಳಿಚಿತು. ಸಾಯೋರ ಜೋಡಿ ಹೋಗಿ ಬಂದ ಸಾಮಾನು ಅಡಿಗಿಮನಿಗೆ ತರಬಾರದು ಅಂತ ಆ ಚೀಲ ಹಂಗೇ ಗಂಟು ಕಟ್ಟಿ, ಹಿತ್ತಲ ದನದ ಕೊಟ್ಟಿಗ್ಯಾಗ ಗೂಟಕ್ಕ ಹಾಕಿದಾಕಿ ಅಕಿನೇ. ಬಿಚ್ಚಿ ನೋಡಿದ್ದಿಲ್ಲ, ಯಾರು ನೋಡ್ತಾರ ಅಂತಾದ್ದನ್ನ. ಹಿತ್ತಲಿಗೆ ಓಡಿದ್ರು. ಗೂಟ ಇತ್ತು, ಚೀಲ ಇರಲಿಲ್ಲ. ವೀರೇಶ ಕೊಟ್ಟಿಗಿ ಸೈತ ಖಾಲಿ ಮಾಡಿದ್ದ.

ಫೋನ್ ಹಚ್ಚಿದ್ಲು. "ಅಡಿಗಿಮನಿ ಡಬ್ಬಿ ಜೋಡಿ ಗುಜರಿಗೆ ಹೋತಲ್ಲ ಅದು. ಮಾರೇಶನ ಅಂಗಡಿಗೆ. ಯಾಕ್ ಸೌಜಿ, ಏನಿತ್ತು ಅದರಾಗ?"

"ಆಮ್ಯಾಲೆ ಹೇಳ್ತೀನಣ್ಣ" ಅಂದು ಇಟ್ಲು.

ಮಾರೇಶನ ಗುಜರಿ ಅಂಗಡಿಗೆ ಹೋದ್ರ ಬೀಗ. ಅಂವ ಮಾಲು ಹಾಕಾಕ ಬಳ್ಳಾರಿಗೆ ಹೋಗ್ಯಾನ ಅಂದ್ರು ಬಾಜೂದವರು. ಇಬ್ಬರೂ ಬಾಗಿಲ ಮುಂದ ಕುಂತ್ರು. ಬಿಸಲು ಏರಿತು, ಇಳೀತು. ಸುಂಕಮ್ಮ ಎಷ್ಟು ಹೇಳಿದ್ರೂ ಸೌಜನ್ಯ ಒಂದು ತುತ್ತು ಉಣ್ಣಲಿಲ್ಲ. ಹೋದ ಮಾಲಿನಾಗ ಅದೂ ಹೋಗಿದ್ರ... ಅದನ್ನ ಬಾಯಿ ಬಿಟ್ಟು ಅನ್ನಾಕ ಇಬ್ಬರಿಗೂ ಧೈರ್ಯ ಆಗಲಿಲ್ಲ. ಸುಂಕಮ್ಮನ ಮೊಮ್ಮಗಳು ಮನ್ಯಾಗ ಒಬ್ಬಾಕಿನೇ ಅಂತ ಸಂಜಿ ಮುಂದ ಅಕಿ ಎದ್ದು ಹೋಗಬೇಕಾತು.

ದೀಪ ಹಚ್ಚೋ ಹೊತ್ತು ಮೀರಿದ ಮ್ಯಾಲೆ ಮಾರೇಶ ಬಂದ. "ಸ್ಟೀಲಿಂದು ಇನ್ನೂ ಇಲ್ಲೇ ಐತ್ರಿ ಅಕ್ಕಾರ, ಕಬ್ಬಿಣ ಅಷ್ಟ ಹಾಕಿ ಬಂದೆ" ಅಂದ. ಒಂದು ಗೋಣಿಚೀಲ ಎಳೆದು ತಂದ. "ಇದರ ಸಂಬಂಧ ನಿದ್ದಿ ಇಲ್ಲರಿ ನನಗ. ಬಾಯಿ ಬಿಗಿದು ಕಟ್ಟಿದ್ರೂ ಒಳಗ ಇಲಿ ಹೊಕ್ಕಾವ. ರಾತ್ರೆಲ್ಲ ಟಪ್ ಟಪ್."

ಸೌಜನ್ಯ ಕೆಳಗ ಕುಂತ್ಲು. ಚೀಲ ಬಿಚ್ಚಿ ಸುರುವಿದ್ಲು. ಇರೋ ಡಬ್ಬಿಗೆಲ್ಲ ಮುಚ್ಚಳ ಬಿಟ್ಟಿದ್ವು. ತಳದಾಗ ಒಂದಕ್ಕ ಮಾತ್ರ ಮುಚ್ಚಳ ಬಿಗೀ ಇತ್ತು. ತೆಗೆದ್ಲು. ಕರಚೀಫು. ಅದರಾಗ ಅವ್ವನ ಕರಡಿಗಿ.

ಅಕಿ ಅಲ್ಲೇ ಮಾರೇಶನ ಕಾಲಿಗೆ ಬಿದ್ಲಂತ. ಪಾಪ, ಅಂವ ಹೆದರಿ ಹಿಂದಕ್ಕ ಸರದ.

ಎರಡೂ ಕೈಯಾಗ ಹಿಡಕೊಂಡು ಮನಿಗೆ ಹೊಂಟ್ಲು. ಮತ್ತ ಅದೇ ದಾರಿ. ಓಣಿಯಾಗ ಕರೆಂಟ್ ಹೋಗಿತ್ತು. ಆಲದ ಎಲಿ ಸೈತ ಅಳ್ಳಾಡ್ತಿರಲಿಲ್ಲ. ಬಾವಿ ಹತ್ರ ಬಂದ್ಲು... ಇವತ್ತು ಕೊಡದ ಸಪ್ಪಳ ಇಲ್ಲ. ಗಾಲಿ ಇಲ್ಲ. ಏನೂ ಇಲ್ಲ. ದಾಟಿದ್ಲು ಅನ್ನೋದ್ರಾಗ, ಬೆನ್ನ ಹಿಂದ, ಜಾಳಗಿ ಕೆಳಗಿಂದ...

"ಸಿಕ್ತೇನು?"

ಮೆಲ್ಲಕ. ದವಾಖಾನ್ಯಾಗ ನಿಂತುಹೋದ ಅದೇ ದನಿ.

ಅಕಿ ತಿರುಗಿ ನೋಡಲಿಲ್ಲ. 

"ಸಿಕ್ತವ್ವ" ಅಂದ್ಲು.

"ನೆಲಕ್ಕ ಇಟ್ಟಿಲ್ಲಲ್ಲ?"

"ಇಲ್ಲವ್ವ. ಕೈಯಾಗ ಐತಿ."

ಬಾವ್ಯಾಗ ನೀರು ಒಂದು ಸಲ ಅಳ್ಳಾಡಿದ ಸಪ್ಪಳ. ಅಷ್ಟ. ಆಮ್ಯಾಲೆ ಅಕಿ ಹ್ಯಾಂಗ ಮನಿ ಮುಟ್ಟಿದ್ಲು ಅಂತ ಅಕಿಗೇ ಗೊತ್ತಿಲ್ಲ.

ದೇವರ ಮನ್ಯಾಗ ಕಲ್ಲಿನ ಜಗಲಿ ಒಂದು ಉಳದಿತ್ತು. ಅದರ ಮ್ಯಾಲೆ ಕರಚೀಫು ಹಾಸಿ ಕರಡಿಗಿ ಇಟ್ಲು. ಹೊರಗ ಬಂದು ಬಾಗಿಲ ಎಳದು, ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕುಂತ್ಲು. ಓಡಿಹೋಗಬೇಕು ಅನಿಸ್ತು. ಎಲ್ಲಿಗೆ ಓಡ್ತಾಳ? ಅವ್ವನ ಮುಂದ ಇನ್ನೆಷ್ಟು ಸಲ ಓಡ್ತಾಳ?

ಹಿಂದ ಎಲ್ಲ ಚಿಗವ್ವ ಫೋನಿನಾಗ "ಮಲ್ಲೇಶಪ್ಪ ಆರಾಮ ಅದಾನೇನು" ಅಂದ್ರ "ಹೂಂನವ್ವ, ಆರಾಮ" ಅನ್ನಾಕಿ ಇಕಿ. ಅವತ್ತು ಕತ್ತಲಾಗ, ಬಾಗಿಲ ಸಂದಿಗೆ ಬಾಯಿ ಕೊಟ್ಟು ಹೇಳಿದ್ಲು.

"ಅವ್ವ, ಅಂವ ಬ್ಯಾರೆ ಮನಿ ಮಾಡ್ಯಾನ. ನಾನು ಯಶವಂತನಗರ ಬಿಟ್ಟೀನಿ. ಕೋರ್ಟಿನಾಗೂ ಮುಗೀತು... ಕಾವ್ಯ ನನ್ನ ಜೋಡೀನೇ ಅದಾಳ. ನಿನ್ನಷ್ಟ ಎತ್ತರ ಬೆಳದಾಳ, ಹಲ್ಲಿಗೆ ತಂತಿ ಹಾಕಿಸೀನಿ. ಹೊಸಪೇಟ್ಯಾಗ ಬಾಡಿಗಿ ಮನಿ. ಮೊದಮೊದಲು ರಾತ್ರಿ ಭಾಳ ಹೆದರಿಕಿ ಆಗ್ತಿತ್ತು, ಈಗ ಆಗಂಗಿಲ್ಲ. ಈ ಮನಿ ಹೋದ್ರ ಅಲ್ಲೊಂದು ಸ್ವಂತದ್ದು ನೋಡಬೇಕಂತ ಮಾಡೀನಿ. ಸಿಟ್ಟು ಮಾಡ್ಕೋಬ್ಯಾಡ. ನಿನಗ ಅವತ್ತೇ ಹೇಳಬೇಕಿತ್ತು. ಹೇಳಿದ್ರ ನಿನ್ನ ಜೀವ ಹೋಗ್ತೈತಿ ಅಂತ ಸುಮ್ನಿದ್ದೆ, ಸುಮ್ನಿದ್ರೂ ಹೋತು... ನಿಂದು ಕಳದೆ ಅವ್ವ. ನಂದು ನಿನ್ನ ಕೈಯಾಗ ಇಟ್ಟು ಕಳಿಸಿದೆ. ತಪ್ಪಾತು."

ಒಳಗ ಏನೂ ಸಪ್ಪಳ ಇಲ್ಲ. ಅಕಿ ಅತ್ತು ಅತ್ತು ಹಂಗೇ ತೂಕಡಿಸಿದ್ಲು.

ಬೆಳಗಿನ ಜಾವ ಎಚ್ಚರ ಆತು. ಬೆನ್ನ ಹಿಂದ, ಬಾಗಿಲ ಆ ಕಡಿ...

ಕಟಕ್. ಕರಡಿಗಿ ಮುಚ್ಚಳ.

ನೀರು, ಸಣ್ಣ ಧಾರಿ, ಕಲ್ಲಿನ ಮ್ಯಾಲೆ ತಟ ತಟ ತಟ. ಆಮ್ಯಾಲೆ ಭಾಳ ಹೊತ್ತು ಉಸಿರು ಸೈತ ಕೇಳಲಿಲ್ಲ. ಒಳಗಿಂದ ವಿಭೂತಿ ವಾಸನಿ ಬಂತು, ಹಸಿ ಮಣ್ಣಿನ ವಾಸನಿ ಕೂಡಿ. ಅದಾದ ಮ್ಯಾಲೆ ಇನ್ನೊಂದು ಸಪ್ಪಳ. ಸಿರ್ರ್... ಬಟ್ಟಿಯಿಂದ ಎಳಿ ಜಗ್ಗಿದಂಗ. ಸ್ವಲ್ಪ ತಡದು, ಕಟ್. ನೂಲು ಹಲ್ಲಿಲೆ ಕಡದ್ರ ಬರ್ತೈತಲ್ಲ, ಅದು. ಚಿಗವ್ವ ಕತ್ತರಿ ಹಿಡದಾಕಿ ಅಲ್ಲ, ಯಾವಾಗ್ಲೂ ಹಲ್ಲಿಲೇ.

ಸೌಜನ್ಯಗ ತಿರುಗಿ ಸಂದ್ಯಾಗ ನೋಡಬೇಕು ಅನಿಸ್ತು. ನೋಡಲಿಲ್ಲ. ಯಾಕ ನೋಡಲಿಲ್ಲೇ ಅಂತ ನಾ ಕೇಳಿದ್ರ, "ಅವ್ವ ಪೂಜಿಗೆ ಕುಂತಾಗ ನಾವು ಮಾತಾಡಸ್ತಿದ್ದಿಲ್ಲಲ್ಲ" ಅಂದ್ಲು.

ಕೋಳಿ ಕೂಗಿತು. ಬೆಳಕು ಬಂತು. ಚಿಲಕ ಹಾಕಿದಂಗೇ ಇತ್ತು. ತೆಗದ್ಲು.

ಜಗಲಿ ಕಲ್ಲು ಹಸಿ ಇತ್ತು. ಕರಡಿಗಿ ಇರಲಿಲ್ಲ. ಕರಚೀಫಿನ ಮ್ಯಾಲೆ ಅಕಿ ಲಿಂಗ ಇತ್ತು, ಅಕಿದೇ, ಮಣ್ಣಾಗ ಹೋದದ್ದು. ಶಿವದಾರದಾಗ ಹಸಿರು ಗಂಟು. ಗಂಟಿನ ಸಂದ್ಯಾಗೆಲ್ಲ ವಿಭೂತಿ ಮೆತ್ತಿತ್ತು.

ಐತವಾರ ವೀರೇಶ ಬಂದ. ಎಲ್ಲ ಕೇಳಿದ. ತಂಗಿ ತಲಿ ಕೆಟ್ಟೈತಿ ಅಂದ್ಕೊಂಡು ಸೀದಾ ಹೊಲಕ್ಕ ಹೋಗಿ ಸಮಾಧಿ ನೋಡಿ ಬಂದ. ಮ್ಯಾಲೆ ಬೆಳದ ಗರಿಕಿ ಒಂದು ಎಳಿ ಸೈತ ಕದಲಿರಲಿಲ್ಲಂತ. ಬಂದು ಚಾ ಕುಡಿದ. ಸೋಮವಾರ ಮನಿ ರಿಜಿಸ್ಟ್ರಿ ಆತು, ಈಗ ಅಲ್ಲಿ ಮಳಿಗಿ ಅದಾವು. ಸುಂಕಮ್ಮಗ ಆಮ್ಯಾಲೆ ಒಂದು ದಿನಾನೂ ಡಬ್ಬಿ ಸಪ್ಪಳ ಕೇಳಿಲ್ಲ.

ಸುಳ್ಳು ಅಂತೀರೇನು? ಅನ್ರಿ. ನಾನೂ ಅಂದಿದ್ದೆ. ಅದಕ್ಕ ಸೌಜನ್ಯ ನನ್ನ ಮುಂದ ಕೊಳ್ಳಾಗಿಂದ ತೆಗೆದು ತೋರಿಸಿದ್ಲು. ದಾರ ಅಯ್ಯನೋರು ಕಡದಿದ್ರಲ್ಲ, ನಾ ಅಲ್ಲೇ ನಿಂತು ನೋಡಿದ್ದೆ. ಈಗ ಇಡೀ ಐತಿ. ಕಡದ ಜಾಗಾದಾಗ ಇನ್ನೊಂದು ಎಳಿ ಕೂಡಿಸಿ ಗಂಟು ಹಾಕೈತಿ. ಹಸಿರು ಗಂಟಿನ ಬಗಲಿಗೆ ಕೆಂಪು ಗಂಟು. ಇಳಕಲ್ ಸೆರಗಿನ ರೇಷ್ಮಿ.

ನನಗ ಗುರುತು ಸಿಗಂಗಿಲ್ಲೇನು? ಚಿಗವ್ವಗ ಅವತ್ತು ಆ ಸೀರಿ ಉಡಿಸಿದಾಕಿ ನಾನ.